ಪ್ರತಿಸ್ಪರ್ಧಿಯ ಹಂಗಿನಲ್ಲಿ ಸ್ವಾತಂತ್ರ್ಯ: ಮೊಜಿಲ್ಲಾ ಸಂಸ್ಥೆಯ ಲೆಕ್ಕಪತ್ರಗಳು ಹೇಳುವ ಪಾಠ

ವ್ಯಾಪಾರ ಮತ್ತು ಉದ್ಯಮಕ್ಕೆ ಸಂಬಂಧಿಸಿದ ಯಾವುದೇ ಕಚೇರಿಯಲ್ಲಿ ಇಂದು ದಿನದ ಕೆಲಸ ಆರಂಭವಾಗುವುದು ಗಣಕಯಂತ್ರದಲ್ಲಿ ಬ್ರೌಸರ್ ತೆರೆಯುವುದರೊಂದಿಗೆ. ಜಿ.ಎಸ್.ಟಿ. ವಿವರಪಟ್ಟಿಯ ಸಲ್ಲಿಕೆ, ಬ್ಯಾಂಕ್ ಖಾತೆಯ ಪರಿಶೀಲನೆ, ಟೆಂಡರ್ ಅರ್ಜಿ, ಗ್ರಾಹಕರೊಡನೆ ಪತ್ರವ್ಯವಹಾರ, ಇವೆಲ್ಲವೂ ಆ ಒಂದು ಕಿಟಕಿಯ ಮೂಲಕವೇ ನಡೆಯುತ್ತವೆ. ಆದರೆ ಆ ಕಿಟಕಿಗೆಂದು ಯಾರೂ ಹಣ ಕೊಡುವುದಿಲ್ಲ. ಕಚೇರಿಯ ಖರ್ಚಿನ ಪುಸ್ತಕದಲ್ಲಿ ಕಾಗದಕ್ಕೆ, ದೂರವಾಣಿಗೆ, ವಿದ್ಯುತ್ತಿಗೆ ಪ್ರತ್ಯೇಕ ಬಾಬತ್ತುಗಳಿರುತ್ತವೆ; ಬ್ರೌಸರ್‌ಗೆ ಇರುವುದಿಲ್ಲ. ಬೆಲೆಯಿಲ್ಲದೆ ದೊರೆಯುವ ವಸ್ತುವಿನ ವೆಚ್ಚವನ್ನು ಬೇರೆ ಯಾರೋ ಭರಿಸುತ್ತಿರುತ್ತಾರೆ ಎಂಬುದು ವಾಣಿಜ್ಯಶಾಸ್ತ್ರದ ಮೊದಲ ಪಾಠ. ಹಾಗೆ ಭರಿಸುವವರು ಯಾರು, ಅದಕ್ಕೆ ಪ್ರತಿಯಾಗಿ ಅವರು ಪಡೆಯುವುದೇನು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ.

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಮತ್ತು ಅಷ್ಟೇ ಕಳವಳಕಾರಿಯಾದ ಉತ್ತರ ದೊರೆಯುವುದು ಫೈರ್‌ಫಾಕ್ಸ್ ಬ್ರೌಸರನ್ನು ತಯಾರಿಸುವ ಅಮೆರಿಕದ ಮೊಜಿಲ್ಲಾ ಸಂಸ್ಥೆಯ ಲೆಕ್ಕಪತ್ರಗಳಲ್ಲಿ. ಕ್ರೋಮ್ ಗೂಗಲ್ ಕಂಪನಿಯದು, ಸಫಾರಿ ಆಪಲ್‌ನದು, ಎಡ್ಜ್ ಮೈಕ್ರೋಸಾಫ್ಟ್‌ನದು. ವ್ಯಾಪಕ ಬಳಕೆಯಲ್ಲಿರುವ ಬ್ರೌಸರ್‌ಗಳ ಪೈಕಿ ಲಾಭಾಪೇಕ್ಷೆಯಿಲ್ಲದ ಪ್ರತಿಷ್ಠಾನವೊಂದರ ಒಡೆತನದಲ್ಲಿದ್ದು, ಸ್ವಂತ ಯಂತ್ರಾಂಗದ ಮೇಲೆ ನಡೆಯುತ್ತಿರುವುದು ಫೈರ್‌ಫಾಕ್ಸ್ ಒಂದೇ. ಅದರ ತಂತ್ರಜ್ಞಾನದ ಬಗ್ಗೆ, ಬಳಕೆದಾರರ ಸಂಖ್ಯೆಯ ಕುಸಿತದ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಸಂಸ್ಥೆಯ ಮುಂದಿರುವ ಮೂಲ ಸವಾಲು ತಂತ್ರಜ್ಞಾನದ್ದಲ್ಲ; ಅದು ಆದಾಯ-ವೆಚ್ಚ ಖಾತೆಯದು. ಯಾವ ಕಂಪನಿಯ ಏಕಸ್ವಾಮ್ಯಕ್ಕೆ ಪರ್ಯಾಯವಾಗಿ ನಿಲ್ಲಬೇಕೆಂಬುದು ಸಂಸ್ಥೆಯ ಉದ್ದೇಶವೋ, ಅದೇ ಕಂಪನಿ ಕೊಡುವ ಹಣದಿಂದಲೇ ಅದರ ಜೀವನ ಸಾಗುತ್ತಿದೆ.

ಹುಟ್ಟು ಮತ್ತು ರಚನೆ

ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಮೈಕ್ರೋಸಾಫ್ಟ್ ಕಂಪನಿಯು ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನು ವಿಂಡೋಸ್ ಜೊತೆಯಲ್ಲಿ ಉಚಿತವಾಗಿ ನೀಡಲಾರಂಭಿಸಿದಾಗ, ಬ್ರೌಸರ್ ಮಾರಿ ಬದುಕುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಕಾಲ ಕೆಳಗಿನ ನೆಲವೇ ಕುಸಿಯಿತು. ಅದು 1998ರ ಮಾರ್ಚ್ 31ರಂದು ತನ್ನ ತಂತ್ರಾಂಶದ ಮೂಲಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಮೊಜಿಲ್ಲಾ ಯೋಜನೆ ಆರಂಭವಾದದ್ದು ಹೀಗೆ. 1999ರಲ್ಲಿ ನೆಟ್‌ಸ್ಕೇಪ್ ಎ.ಒ.ಎಲ್. ಕಂಪನಿಯ ಪಾಲಾಯಿತು. ಆ ಕಂಪನಿಯು ಬ್ರೌಸರ್ ವಿಭಾಗದಿಂದ ಕೈತೊಳೆದುಕೊಳ್ಳುವ ವೇಳೆಗೆ, 2003ರ ಜುಲೈ 15ರಂದು, 20 ಲಕ್ಷ ಡಾಲರ್‌ಗಳ ನೆರವಿನ ಭರವಸೆಯೊಂದಿಗೆ ಮೊಜಿಲ್ಲಾ ಪ್ರತಿಷ್ಠಾನ ಅಸ್ತಿತ್ವಕ್ಕೆ ಬಂದಿತು.

2004ರ ನವೆಂಬರ್ 9ರಂದು ಫೈರ್‌ಫಾಕ್ಸ್‌ನ ಮೊದಲ ಪೂರ್ಣ ಆವೃತ್ತಿ ಬಿಡುಗಡೆಯಾದಾಗ ಮಾರುಕಟ್ಟೆಯ ಹತ್ತರಲ್ಲಿ ಒಂಬತ್ತು ಪಾಲು ಮೈಕ್ರೋಸಾಫ್ಟ್‌ನ ಕೈಯಲ್ಲಿತ್ತು. ಅದೇ ಡಿಸೆಂಬರ್‌ನಲ್ಲಿ ಸುಮಾರು ಹತ್ತು ಸಾವಿರ ಬಳಕೆದಾರರು ತಾವೇ ಹಣ ಸೇರಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟಗಳ ಜಾಹೀರಾತು ಕೊಡಿಸಿದರು. ತಾವು ಬಳಸುವ ತಂತ್ರಾಂಶಕ್ಕೆ ಬಳಕೆದಾರರೇ ಜಾಹೀರಾತಿನ ಖರ್ಚು ಭರಿಸಿದ ಇಂತಹ ಉದಾಹರಣೆಗಳು ವಿರಳ. 2009ರ ಅಂತ್ಯದ ವೇಳೆಗೆ ಫೈರ್‌ಫಾಕ್ಸ್‌ನ ಪಾಲು ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಅಳತೆಯಂತೆ ಶೇ. 30ನ್ನು ದಾಟಿತ್ತು.

ಸಂಸ್ಥೆಯ ಕಾನೂನು ರಚನೆಯೂ ಗಮನಾರ್ಹವಾದುದು. 2005ರ ಆಗಸ್ಟ್‌ನಲ್ಲಿ ಪ್ರತಿಷ್ಠಾನವು ಮೊಜಿಲ್ಲಾ ಕಾರ್ಪೊರೇಷನ್ ಎಂಬ, ಸಂಪೂರ್ಣವಾಗಿ ತನ್ನದೇ ಒಡೆತನದ, ತೆರಿಗೆ ತೆರುವ ಅಂಗಸಂಸ್ಥೆಯನ್ನು ಸ್ಥಾಪಿಸಿತು. ಬ್ರೌಸರ್ ತಯಾರಿಕೆ ಮತ್ತು ಅದರಿಂದ ಬರುವ ಆದಾಯ ಅಂಗಸಂಸ್ಥೆಗೆ. ಧ್ಯೇಯ ಮತ್ತು ಒಡೆತನ ಪ್ರತಿಷ್ಠಾನಕ್ಕೆ. ಲಾಭಾಂಶ ಕೇಳುವ ಷೇರುದಾರರು ಯಾರೂ ಇಲ್ಲ. ಈ ಏರ್ಪಾಡಿಗೆ ಮೊದಲು ಪ್ರತಿಷ್ಠಾನವೇ ನೇರವಾಗಿ ಪಡೆದಿದ್ದ ಹಣದ ಸ್ವರೂಪವೇನು, ಅದು ರಾಯಧನವೋ ವ್ಯಾಪಾರದ ಆದಾಯವೋ ಎಂಬ ವಿಚಾರದಲ್ಲಿ ಅಮೆರಿಕದ ಕಂದಾಯ ಇಲಾಖೆಯು 2004 ಮತ್ತು 2005ರ ಲೆಕ್ಕಗಳನ್ನು ತನಿಖೆಗೆ ಒಳಪಡಿಸಿತು. 2012ರಲ್ಲಿ 15 ಲಕ್ಷ ಡಾಲರ್ ಪಾವತಿಯೊಂದಿಗೆ ಆ ಪ್ರಕರಣ ಇತ್ಯರ್ಥವಾಯಿತು. ಧರ್ಮಾರ್ಥ ಉದ್ದೇಶದ ಸಂಸ್ಥೆ ವ್ಯಾಪಾರದ ಆದಾಯ ಗಳಿಸಿದಾಗ ಏಳುವ ಈ ಬಗೆಯ ಪ್ರಶ್ನೆ ಭಾರತದ ವಾಣಿಜ್ಯ ಮಂಡಳಿಗಳಿಗೂ ಹೊಸದಲ್ಲ. 1961ರ ಆದಾಯ ತೆರಿಗೆ ಕಾಯಿದೆಯ 2(15)ನೇ ಕಲಮಿನ ಪರಂತುಕ ಮತ್ತು ಅದು ವಿಧಿಸಿದ ಶೇ. 20ರ ಮಿತಿಯ ಸುತ್ತ ನಡೆದ ವ್ಯಾಜ್ಯಗಳು 2022ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ತೀರ್ಮಾನವಾದದ್ದನ್ನು ಈ ಪತ್ರಿಕೆಯ ಓದುಗರು ಬಲ್ಲರು.

ಆದಾಯದ ಸ್ವರೂಪ

ಬ್ರೌಸರ್‌ನ ಮೇಲ್ಭಾಗದ ವಿಳಾಸಪಟ್ಟಿಯಲ್ಲಿ ಬಳಕೆದಾರನು ಒಂದು ಪದವನ್ನು ಬೆರಳಚ್ಚಿಸಿದರೆ ಅದು ಮೊದಲೇ ನಿಗದಿಯಾದ ಶೋಧ ಕಂಪನಿಗೆ ಹೋಗುತ್ತದೆ. ಆ ಕಂಪನಿಯು ಶೋಧದ ಫಲಿತಾಂಶಗಳ ಜೊತೆಗೆ ಜಾಹೀರಾತುಗಳನ್ನು ತೋರಿಸಿ ಹಣ ಗಳಿಸುತ್ತದೆ. ಹಾಗೆ ಮೊದಲೇ ನಿಗದಿಯಾಗುವ ಸ್ಥಾನಕ್ಕಾಗಿ ಅದು ಬ್ರೌಸರ್ ತಯಾರಕರಿಗೆ ಹಣ ಪಾವತಿಸುತ್ತದೆ. ಮೊಜಿಲ್ಲಾದ ಲೆಕ್ಕಪತ್ರಗಳಲ್ಲಿ ಇದು ರಾಯಧನ ಎಂಬ ಶೀರ್ಷಿಕೆಯಡಿ ಬರುತ್ತದೆ. 2005ರಲ್ಲಿ ಸಂಸ್ಥೆಯ ಒಟ್ಟು ಆದಾಯ ಸುಮಾರು 5.3 ಕೋಟಿ ಡಾಲರ್ ಆಗಿತ್ತು. 2023ರಲ್ಲಿ ಅದು ಸುಮಾರು 65 ಕೋಟಿ ಡಾಲರ್. ಇದರಲ್ಲಿ ರಾಯಧನದ ಪಾಲು 49 ಕೋಟಿ ಡಾಲರ್‌ಗೂ ಮಿಗಿಲು. ಈ ರಾಯಧನದ ಬಹುಭಾಗ ಬರುವುದು ಗೂಗಲ್‌ನಿಂದ.

2008ರ ಸೆಪ್ಟೆಂಬರ್ 2ರವರೆಗೆ ಈ ಏರ್ಪಾಡಿನಲ್ಲಿ ವೈರುಧ್ಯವೇನೂ ಇರಲಿಲ್ಲ. ಗೂಗಲ್‌ಗೆ ಸ್ವಂತ ಬ್ರೌಸರ್ ಇರಲಿಲ್ಲ. ಮೈಕ್ರೋಸಾಫ್ಟ್‌ನ ಏಕಸ್ವಾಮ್ಯ ಮುರಿಯುವುದು ಇಬ್ಬರ ಹಿತಕ್ಕೂ ಅನುಕೂಲವಾಗಿತ್ತು. ಅಂದು ಕ್ರೋಮ್ ಬಿಡುಗಡೆಯಾಯಿತು. ಅಲ್ಲಿಯವರೆಗೆ ಗ್ರಾಹಕನಾಗಿದ್ದವನು ಅಂದಿನಿಂದ ಎದುರು ಅಂಗಡಿಯವನೂ ಆದ. ಆಂಡ್ರಾಯ್ಡ್ ದೂರವಾಣಿಗಳ ಜೊತೆಯಲ್ಲಿ ಕ್ರೋಮ್ ಮನೆಮನೆಗೆ ತಲುಪಿತು. ಇಂದು ಜಗತ್ತಿನ ಬ್ರೌಸರ್ ಬಳಕೆಯ ಮೂರನೇ ಎರಡು ಭಾಗದಷ್ಟು ಕ್ರೋಮ್‌ನದು. ಎಲ್ಲ ಸಾಧನಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಫೈರ್‌ಫಾಕ್ಸ್‌ನ ಪಾಲು ಶೇ. 3ಕ್ಕಿಂತ ಕಡಿಮೆ.

ಈ ಸಂಬಂಧ ಎಷ್ಟು ಅಸಮಾನವೆಂಬುದನ್ನು ಎರಡು ಅಂಕಿಗಳು ತೋರಿಸುತ್ತವೆ. ಇಂತಹ ನಿಗದಿತ ಸ್ಥಾನಗಳಿಗಾಗಿ ಗೂಗಲ್ 2021ರಲ್ಲಿ ಎಲ್ಲ ಕಂಪನಿಗಳಿಗೂ ಸೇರಿ ಪಾವತಿಸಿದ ಮೊತ್ತ 2,630 ಕೋಟಿ ಡಾಲರ್ ಎಂದು ಅಮೆರಿಕದ ನ್ಯಾಯಾಲಯದಲ್ಲಿ ದಾಖಲಾಗಿದೆ. ಅದೇ ವರ್ಷ ಮೊಜಿಲ್ಲಾ ಪಡೆದ ರಾಯಧನ ಸುಮಾರು 52 ಕೋಟಿ ಡಾಲರ್. ಅದೆಲ್ಲವೂ ಗೂಗಲ್‌ನಿಂದಲೇ ಬಂದಿತೆಂದು ಎಣಿಸಿದರೂ, ಕೊಟ್ಟವನ ಪಾಲಿಗೆ ಅದು ನೂರರಲ್ಲಿ ಎರಡು. ಪಡೆದವನ ಪಾಲಿಗೆ ನೂರರಲ್ಲಿ ಎಂಬತ್ತಕ್ಕೂ ಮೇಲು. ಕೊಡುವವನು ನಿಲ್ಲಿಸಿದರೆ ಅವನ ಲೆಕ್ಕದಲ್ಲಿ ಒಂದು ಸಣ್ಣ ಬಾಬತ್ತು ಕಡಿಮೆಯಾಗುತ್ತದೆ. ಪಡೆಯುವವನ ಅಂಗಡಿಯೇ ಮುಚ್ಚುತ್ತದೆ. ಮೊಜಿಲ್ಲಾದ ಲೆಕ್ಕಪರಿಶೋಧಿತ ಹಣಕಾಸು ವಿವರಣೆಗಳಲ್ಲಿ ಆದಾಯವು ಕೆಲವೇ ಗ್ರಾಹಕರಲ್ಲಿ ಕೇಂದ್ರೀಕೃತವಾಗಿರುವ ಅಪಾಯದ ಕುರಿತ ಟಿಪ್ಪಣಿ ಪ್ರತಿವರ್ಷವೂ ಕಾಣಿಸಿಕೊಳ್ಳುತ್ತ ಬಂದಿದೆ. ಒಂದೇ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಒದಗಿಸಿ ಬದುಕುವ ಪೂರಕ ಕೈಗಾರಿಕಾ ಘಟಕದ ಮಾಲೀಕರಿಗೆ ಈ ಟಿಪ್ಪಣಿಯ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಯಾಹೂ ಪ್ರಸಂಗ

ಈ ಹಂಗಿನಿಂದ ಬಿಡಿಸಿಕೊಳ್ಳಲು ಮೊಜಿಲ್ಲಾ ಒಮ್ಮೆ ಪ್ರಯತ್ನಿಸಿತು. 2014ರ ನವೆಂಬರ್‌ನಲ್ಲಿ ಗೂಗಲ್‌ನ ಬದಲಿಗೆ ಯಾಹೂ ಕಂಪನಿಯೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಹಣದ ದೃಷ್ಟಿಯಿಂದ ಒಪ್ಪಂದ ಲಾಭದಾಯಕವಾಗಿತ್ತು. ಆದರೆ ಬಳಕೆದಾರರಿಗೆ ಯಾಹೂ ಹಿಡಿಸಲಿಲ್ಲ. ಅನೇಕರು ಶೋಧಕವನ್ನು ತಾವೇ ಗೂಗಲ್‌ಗೆ ಬದಲಾಯಿಸಿಕೊಂಡರು. ಕೆಲವರು ಬ್ರೌಸರನ್ನೇ ಬದಲಾಯಿಸಿದರು. 2017ರ ನವೆಂಬರ್‌ನಲ್ಲಿ ಮೊಜಿಲ್ಲಾ ಒಪ್ಪಂದವನ್ನು ಅವಧಿಗೆ ಮುನ್ನವೇ ಕೊನೆಗೊಳಿಸಿ ಗೂಗಲ್‌ನತ್ತ ಹಿಂದಿರುಗಿತು.

ಇದಾದ ಮೇಲೆ ನಡೆದ ಮೊಕದ್ದಮೆಯ ಇತ್ಯರ್ಥದಿಂದ 2019ರಲ್ಲಿ ಸುಮಾರು 34 ಕೋಟಿ ಡಾಲರ್ ಬಂದು, ಆ ವರ್ಷದ ಆದಾಯ 82 ಕೋಟಿ ಡಾಲರ್ ಮೀರಿತು. ಅದಕ್ಕೆ ಹಿಂದೆ ಎಂದೂ ಕಾಣದಷ್ಟು ಆದಾಯ ಬಂದ ವರ್ಷದ ಬೆನ್ನಿಗೇ, 2020ರ ಆಗಸ್ಟ್‌ನಲ್ಲಿ, ಸಂಸ್ಥೆಯು ಸುಮಾರು 250 ಮಂದಿ ನೌಕರರನ್ನು, ಅಂದರೆ ಒಟ್ಟು ಸಿಬ್ಬಂದಿಯ ಕಾಲುಭಾಗದಷ್ಟನ್ನು, ಕೆಲಸದಿಂದ ತೆಗೆಯಿತು. ಒಮ್ಮೆ ಮಾತ್ರ ಬರುವ ಹಣ ಮತ್ತು ಪ್ರತಿವರ್ಷ ಬರುವ ಆದಾಯ ಇವೆರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ನೋಡಿದವರಿಗೆ ಇದು ವಿಚಿತ್ರವೆನಿಸಿತು. ಬೇರೆ ಮಾಡಿ ನೋಡಿದವರಿಗೆ ಅಚ್ಚರಿಯೆನಿಸಲಿಲ್ಲ.

ನ್ಯಾಯಾಲಯದ ತೀರ್ಪು ಮತ್ತು ಅದರ ವಿಪರ್ಯಾಸ

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಗೂಗಲ್ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆಯೆಂದು ತೀರ್ಪಿತ್ತರು. ನಿಗದಿತ ಸ್ಥಾನಕ್ಕಾಗಿ ಮಾಡುವ ಪಾವತಿಗಳೇ ಆ ಏಕಸ್ವಾಮ್ಯದ ಸಾಧನವೆಂಬುದು ವಾದದ ತಿರುಳು. ಹಾಗಾದರೆ ಪಾವತಿಗಳನ್ನು ನಿಷೇಧಿಸಬೇಕೆಂಬುದು ಸರ್ಕಾರದ ಬೇಡಿಕೆಯಾಯಿತು.

ಇಲ್ಲಿ ವಿಪರ್ಯಾಸವೊಂದು ಎದುರಾಯಿತು. ಏಕಸ್ವಾಮ್ಯದ ವಿರುದ್ಧ ಹುಟ್ಟಿದ ಸಂಸ್ಥೆಯೇ ಆ ನಿಷೇಧ ಬೇಡವೆಂದು ಕೋರಬೇಕಾಯಿತು. ಮೊಜಿಲ್ಲಾದ ಹಣಕಾಸು ಮುಖ್ಯಸ್ಥ ಎರಿಕ್ ಮ್ಯೂಲ್‌ಹೈಮ್ ಅವರು 2025ರ ಮೇ ತಿಂಗಳಲ್ಲಿ ನ್ಯಾಯಾಲಯದ ಮುಂದೆ ಸಾಕ್ಷ್ಯ ನುಡಿದು, ಸಂಸ್ಥೆಯ ಆದಾಯದ ಸುಮಾರು ಶೇ. 90ರಷ್ಟು ಫೈರ್‌ಫಾಕ್ಸ್‌ನಿಂದ ಬರುತ್ತದೆ, ಅದರಲ್ಲಿ ಶೇ. 85ರಷ್ಟು ಗೂಗಲ್ ಒಪ್ಪಂದದಿಂದ ಬರುತ್ತದೆ, ಅದು ನಿಂತರೆ ಫೈರ್‌ಫಾಕ್ಸ್ ಉಳಿಯುವುದೇ ಕಷ್ಟವೆಂದು ತಿಳಿಸಿದರು. ಈ ಎರಡು ಅಂಕಿಗಳನ್ನು ಗುಣಿಸಿದರೆ ಒಟ್ಟು ಆದಾಯದ ಮುಕ್ಕಾಲು ಪಾಲಿಗಿಂತ ಹೆಚ್ಚು ಒಂದೇ ಕೈಯಿಂದ ಬರುತ್ತಿರುವುದು ಸ್ಪಷ್ಟವಾಗುತ್ತದೆ.

2025ರ ಸೆಪ್ಟೆಂಬರ್ 2ರ ಆದೇಶದಲ್ಲಿ ನ್ಯಾಯಾಲಯವು ಪಾವತಿಗಳನ್ನು ನಿಷೇಧಿಸಲಿಲ್ಲ; ಪರ್ಯಾಯಕ್ಕೆ ಅವಕಾಶವಿಲ್ಲದಂತಹ ಏಕಮಾತ್ರ ಒಪ್ಪಂದಗಳನ್ನು ಮಾತ್ರ ನಿಷೇಧಿಸಿತು. ಕ್ರೋಮ್ ಮಾರಾಟದ ಬೇಡಿಕೆಯನ್ನೂ ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂತಹ ಒಪ್ಪಂದಗಳ ಅವಧಿಯನ್ನು ಒಂದು ವರ್ಷಕ್ಕೆ ಸೀಮಿತಗೊಳಿಸಿತು. ಮೊಜಿಲ್ಲಾ ತಕ್ಷಣದ ಅಪಾಯದಿಂದ ಪಾರಾಯಿತು ಎಂಬ ಮಾತು ಕೇಳಿಬಂದಿತು. ಆದರೆ ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಹಿಂದೆ ಮೂರು ವರ್ಷ, ಐದು ವರ್ಷಗಳ ಒಪ್ಪಂದದ ಆಧಾರದ ಮೇಲೆ ಎಂಜಿನಿಯರುಗಳ ನೇಮಕ, ಯೋಜನೆಗಳ ಆರಂಭ ಸಾಧ್ಯವಿತ್ತು. ಇನ್ನು ಮುಂದೆ ಮುಕ್ಕಾಲು ಪಾಲು ಆದಾಯದ ಭವಿಷ್ಯ ವರ್ಷಕ್ಕೊಮ್ಮೆ ತೀರ್ಮಾನವಾಗಬೇಕು. ಬ್ರೌಸರ್‌ನ ಯಂತ್ರಾಂಗದಲ್ಲಿ ಒಂದು ಮಹತ್ವದ ಬದಲಾವಣೆ ತರಲು ಹಲವು ವರ್ಷ ಬೇಕು; ಅದಕ್ಕೆ ಹಣ ಕೊಡುವ ಒಪ್ಪಂದದ ಆಯುಸ್ಸು ಮಾತ್ರ ಹನ್ನೆರಡು ತಿಂಗಳು. ಪರಿಹಾರವೆಂದು ಬಂದದ್ದು ಅನಿಶ್ಚಿತತೆಯನ್ನು ಹೆಚ್ಚಿಸಿದೆ.

ಸ್ವಾತಂತ್ರ್ಯದಿಂದ ಯಾರಿಗೆ ಪ್ರಯೋಜನ?

ಇಷ್ಟೆಲ್ಲ ಕಷ್ಟಪಟ್ಟು ಫೈರ್‌ಫಾಕ್ಸ್ ಉಳಿಯಬೇಕೇಕೆ, ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ಸಹ ಮುಕ್ತ ತಂತ್ರಾಂಶವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಪ್ರತಿ ಬ್ರೌಸರ್‌ನ ಒಳಗೂ ಜಾಲಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಒಂದು ಯಂತ್ರಾಂಗವಿರುತ್ತದೆ. ಒಪೆರಾ 2013ರಲ್ಲಿ ತನ್ನ ಸ್ವಂತ ಯಂತ್ರಾಂಗವನ್ನು ಕೈಬಿಟ್ಟಿತು. ಮೈಕ್ರೋಸಾಫ್ಟ್‌ನಂತಹ ಮೈಕ್ರೋಸಾಫ್ಟ್ ಸಹ 2018ರಲ್ಲಿ ಸ್ವಂತ ಯಂತ್ರಾಂಗ ತ್ಯಜಿಸುವ ನಿರ್ಧಾರ ಪ್ರಕಟಿಸಿ, 2020ರಲ್ಲಿ ಕ್ರೋಮಿಯಂ ಆಧಾರದ ಎಡ್ಜ್ ಹೊರತಂದಿತು. ಈಗ ವ್ಯಾಪಕ ಬಳಕೆಯಲ್ಲಿ ಉಳಿದಿರುವುದು ಮೂರೇ: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್ ಮತ್ತು ಮೊಜಿಲ್ಲಾದ ಗೆಕೊ. ಮುಕ್ತ ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು ನಿಜ. ಆದರೆ ಅದು ಯಾವ ದಿಕ್ಕಿಗೆ ಸಾಗಬೇಕೆಂದು ನಿರ್ಧರಿಸುವವರು ಅದರ ಎಂಜಿನಿಯರುಗಳಿಗೆ ಸಂಬಳ ಕೊಡುವವರೇ.

ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. ಜಾಲತಾಣದಿಂದ ಜಾಲತಾಣಕ್ಕೆ ಬಳಕೆದಾರನನ್ನು ಹಿಂಬಾಲಿಸುವ ಮೂರನೆಯವರ ಕುಕಿಗಳನ್ನು ತಡೆಯುವ ಏರ್ಪಾಡನ್ನು ಫೈರ್‌ಫಾಕ್ಸ್ 2019ರಲ್ಲಿಯೇ ಎಲ್ಲ ಬಳಕೆದಾರರಿಗೂ ಜಾರಿಗೆ ತಂದಿತು. ಇಂತಹ ಕುಕಿಗಳನ್ನು ಎರಡು ವರ್ಷಗಳೊಳಗೆ ತೆಗೆದುಹಾಕುವುದಾಗಿ ಗೂಗಲ್ 2020ರ ಜನವರಿಯಲ್ಲಿ ಘೋಷಿಸಿ, ಮತ್ತೆ ಮತ್ತೆ ಮುಂದೂಡಿ, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಎರಡನೆಯದಾಗಿ, ಬ್ರೌಸರ್‌ಗೆ ಜೋಡಿಸುವ ಉಪತಂತ್ರಾಂಶಗಳ ನಿಯಮಗಳನ್ನು ಗೂಗಲ್ ಬದಲಾಯಿಸಿದ್ದರಿಂದ, ಜಾಹೀರಾತು ತಡೆಯುವ ಜನಪ್ರಿಯ ಉಪತಂತ್ರಾಂಶವಾದ ಯುಬ್ಲಾಕ್ ಒರಿಜಿನ್‌ನ ಪೂರ್ಣ ಆವೃತ್ತಿ ಕ್ರೋಮ್‌ನಲ್ಲಿ ನಿಂತುಹೋಯಿತು. ಫೈರ್‌ಫಾಕ್ಸ್ ಹೊಸ ನಿಯಮದ ಜೊತೆಗೆ ಹಳೆಯದನ್ನೂ ಉಳಿಸಿಕೊಂಡು ಅದಕ್ಕೆ ಅವಕಾಶ ಮುಂದುವರಿಸಿತು. ಗೂಗಲ್‌ನ ನಿರ್ಧಾರಗಳಿಗೆ ತಾಂತ್ರಿಕ ಕಾರಣಗಳೂ ಇರಬಹುದು. ಆದರೆ ಜಾಹೀರಾತಿನಿಂದ ಬದುಕುವ ಕಂಪನಿಯ ಬ್ರೌಸರ್ ಒಂದು ದಾರಿ ಹಿಡಿದಾಗ ಮತ್ತೊಂದು ದಾರಿ ತೆರೆದಿರಬೇಕಾದರೆ, ಮತ್ತೊಂದು ಯಂತ್ರಾಂಗ ಜೀವಂತವಾಗಿರಬೇಕು.

ಒಂದೇ ಬ್ರೌಸರನ್ನು ನೆಚ್ಚಿಕೊಂಡರೆ ಒಂದು ದೇಶದ ವ್ಯವಹಾರಕ್ಕೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಅಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕ್ ವ್ಯವಹಾರದ ಭದ್ರತೆಗಾಗಿ ಸ್ವದೇಶಿ ಗೂಢಲಿಪಿ ವಿಧಾನವೊಂದನ್ನು ರೂಪಿಸಿ, ಅದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಆಕ್ಟಿವ್‌ಎಕ್ಸ್ ಸೌಲಭ್ಯದ ಮೂಲಕ ಜೋಡಿಸಲಾಯಿತು. ಆ ದಿನಕ್ಕೆ ಅದು ವಿವೇಕದ ನಿರ್ಧಾರವೇ ಆಗಿತ್ತು. ಆದರೆ ಮುಂದೆ ಎಷ್ಟೋ ವರ್ಷಗಳ ಕಾಲ ಬೇರೆ ಬ್ರೌಸರ್ ಬಳಸುವವರಿಗೆ ಆನ್‌ಲೈನ್ ಬ್ಯಾಂಕಿಂಗ್ ಮತ್ತು ಖರೀದಿ ಸುಲಭವಾಗಿ ಸಾಧ್ಯವಾಗಲಿಲ್ಲ. ಜಗತ್ತು ಆ ಬ್ರೌಸರನ್ನು ಬಿಟ್ಟು ಮುಂದೆ ಸಾಗಿದ ಮೇಲೂ ಕೊರಿಯಾದ ವರ್ತಕರು ಅದಕ್ಕೇ ಅಂಟಿಕೊಂಡಿರಬೇಕಾಯಿತು. ಅಲ್ಲಿನ ಕಡ್ಡಾಯ ಪ್ರಮಾಣಪತ್ರ ವ್ಯವಸ್ಥೆ ರದ್ದಾದದ್ದು 2020ರ ಡಿಸೆಂಬರ್‌ನಲ್ಲಿ.

ಸಂಸ್ಥೆಯ ಸ್ವಂತ ತಪ್ಪುಗಳು

ಮೊಜಿಲ್ಲಾದ ಸಂಕಷ್ಟಕ್ಕೆಲ್ಲ ಪ್ರತಿಸ್ಪರ್ಧಿಯೇ ಕಾರಣವೆನ್ನುವುದು ಸತ್ಯಕ್ಕೆ ದೂರ. ಕಳೆದ ಎರಡು ದಶಕಗಳಲ್ಲಿ ಸಂಸ್ಥೆಯ ಕೈಗೆ ಬಂದ ಹಣ ಅಲ್ಪವಲ್ಲ. ಅದರ ಒಂದು ಭಾಗ ಬ್ರೌಸರ್‌ಗೆ ನೇರ ಸಂಬಂಧವಿಲ್ಲದ ಸಾಹಸಗಳಿಗೆ ಹೋಯಿತು. ದೂರವಾಣಿಗಳಿಗಾಗಿ ರೂಪಿಸಿದ ಫೈರ್‌ಫಾಕ್ಸ್ ಓಎಸ್ ಅವುಗಳಲ್ಲಿ ಮುಖ್ಯವಾದುದು. ಭಾರತದ ಮಾರುಕಟ್ಟೆಯಲ್ಲಿ 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿಯು 1,999 ರೂಪಾಯಿಗಳಿಗೆ ಈ ವ್ಯವಸ್ಥೆಯ ದೂರವಾಣಿ ಬಿಡುಗಡೆ ಮಾಡಿದ್ದು ಹಲವರಿಗೆ ನೆನಪಿರಬಹುದು. ವಾಟ್ಸ್ಆ್ಯಪ್‌ನಂತಹ ಅಗತ್ಯ ಸೌಲಭ್ಯಗಳ ಕೊರತೆ ಮತ್ತು ಅಗ್ಗದ ಆಂಡ್ರಾಯ್ಡ್ ದೂರವಾಣಿಗಳ ಪೈಪೋಟಿಯಿಂದ ಅದು ನೆಲೆಯೂರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಸಂಸ್ಥೆಯು ಆ ಪ್ರಯತ್ನ ನಿಲ್ಲಿಸುವುದಾಗಿ ಪ್ರಕಟಿಸಿತು. ಅದೇ ಮೂಲಸಂಕೇತದಿಂದ ಬೆಳೆದ ಕೈಓಎಸ್ 2017ರ ಬಳಿಕ ಜಿಯೋಫೋನ್ ಮೂಲಕ ಭಾರತದ ಹಳ್ಳಿಹಳ್ಳಿ ತಲುಪಿತು. ಬಿತ್ತಿದವರು ಒಬ್ಬರು, ಬೆಳೆ ಕೊಯ್ದವರು ಮತ್ತೊಬ್ಬರು. 2017ರಲ್ಲಿ ಕೊಂಡ ಪಾಕೆಟ್ ಮತ್ತು 2023ರಲ್ಲಿ ಕೊಂಡ ಫೇಕ್‌ಸ್ಪಾಟ್ ಸೇವೆಗಳೆರಡೂ 2025ರ ಜುಲೈನಲ್ಲಿ ಮುಚ್ಚಿದವು.

ವೆಚ್ಚದ ಶಿಸ್ತಿನ ಬಗ್ಗೆಯೂ ಆಕ್ಷೇಪಗಳಿವೆ. ಅಂದಿನ ಮುಖ್ಯ ಕಾರ್ಯನಿರ್ವಾಹಕಿ ಮಿಚೆಲ್ ಬೇಕರ್ ಅವರ ವಾರ್ಷಿಕ ಸಂಭಾವನೆ 2022ರಲ್ಲಿ 69 ಲಕ್ಷ ಡಾಲರ್‌ಗಳಷ್ಟಿತ್ತೆಂಬುದು ಸಂಸ್ಥೆಯ ತೆರಿಗೆ ವಿವರಪಟ್ಟಿಯಲ್ಲಿಯೇ ದಾಖಲಾಗಿದೆ. ದೊಡ್ಡ ಕಂಪನಿಗಳಿಗೆ ಹೋಲಿಸಿದರೆ ಇದು ಹೆಚ್ಚಲ್ಲವೆಂಬುದು ಸಂಸ್ಥೆಯನ್ನು ಸಮರ್ಥಿಸುವವರ ವಾದ. ಆದರೆ ಬಳಕೆದಾರರ ಪಾಲು ಇಳಿಯುತ್ತಿರುವಾಗ, ನೌಕರರು ಮನೆಗೆ ಹೋಗುತ್ತಿರುವಾಗ, ಧ್ಯೇಯದ ಹೆಸರಿನಲ್ಲಿ ನಡೆಯುವ ಸಂಸ್ಥೆಗೆ ಆ ಹೋಲಿಕೆ ಸಲ್ಲುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಪ್ರತಿಷ್ಠಾನಗಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ದೋಷವೊಂದು ರಚನೆಯಲ್ಲಿಯೇ ಅಡಗಿದೆ. ಫೈರ್‌ಫಾಕ್ಸ್ ಮೇಲಿನ ಅಭಿಮಾನದಿಂದ ಒಬ್ಬ ಬಳಕೆದಾರ ದೇಣಿಗೆ ಕೊಟ್ಟರೆ ಅದು ಪ್ರತಿಷ್ಠಾನಕ್ಕೆ ಸೇರುತ್ತದೆ. ಪ್ರತಿಷ್ಠಾನದ ಜಾಗೃತಿ ಮತ್ತು ಅನುದಾನ ಕಾರ್ಯಗಳಿಗೆ ವಿನಿಯೋಗವಾಗುತ್ತದೆ. ಬ್ರೌಸರ್ ತಯಾರಿಸುವ ಕಾರ್ಪೊರೇಷನ್ನಿಗೆ ಅದು ಹೋಗುವುದಿಲ್ಲ. ಬ್ರೌಸರನ್ನು ಪ್ರೀತಿಸುವವರ ಹಣ ಬ್ರೌಸರ್‌ಗೆ ತಲುಪದಂತಹ, ಪ್ರತಿಸ್ಪರ್ಧಿಯ ಹಣ ಮಾತ್ರ ತಲುಪುವಂತಹ ಏರ್ಪಾಡು ಇದು.

ಮುಂದಿನ ದಾರಿ

ಸಂಸ್ಥೆಯ ಬಳಿ ಈಗಲೂ 100 ಕೋಟಿ ಡಾಲರ್‌ಗೂ ಮಿಗಿಲಾದ ಆಸ್ತಿಯಿದೆಯಲ್ಲ, ಅದನ್ನೇ ಮೂಲನಿಧಿಯಾಗಿಸಿ ಅದರ ಬಡ್ಡಿಯಿಂದ ಬದುಕಬಹುದಲ್ಲವೇ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಸರಳ ಲೆಕ್ಕ ಹಾಕಿ ನೋಡಬಹುದು. ವರ್ಷಕ್ಕೆ ಶೇ. 5ರ ಪ್ರತಿಫಲ ಹಿಡಿದರೆ 100 ಕೋಟಿ ಡಾಲರ್‌ಗಳಿಂದ ದೊರೆಯುವುದು 5 ಕೋಟಿ. ತಂತ್ರಾಂಶ ಅಭಿವೃದ್ಧಿಯೊಂದಕ್ಕೇ 2023ರಲ್ಲಿ ತಗುಲಿದ ವೆಚ್ಚ ಸುಮಾರು 26 ಕೋಟಿ. ಅಷ್ಟನ್ನು ಬಡ್ಡಿಯಿಂದಲೇ ಪಡೆಯಬೇಕಾದರೆ 520 ಕೋಟಿ ಡಾಲರ್‌ಗಳ ಮೂಲನಿಧಿ ಬೇಕು. ಅಸಲನ್ನೇ ಖರ್ಚು ಮಾಡುತ್ತ ಹೋದರೆ ಕೆಲವೇ ವರ್ಷಗಳು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಆದ್ದರಿಂದ ನಿಧಿಯನ್ನು ಪರಿಹಾರವೆಂದು ಭಾವಿಸುವ ಬದಲು, ಪರಿಹಾರ ಹುಡುಕಲು ಇರುವ ಕಾಲಾವಕಾಶವೆಂದು ಪರಿಗಣಿಸಬೇಕು.

ಆ ಕಾಲಾವಕಾಶದಲ್ಲಿ ಮಾಡಬೇಕಾದ ಕೆಲಸಗಳು ಮೂರು. ಮೊದಲನೆಯದು, ಯಂತ್ರಾಂಗ ಮತ್ತು ಬ್ರೌಸರ್‌ನ ಲೆಕ್ಕವನ್ನು ಉಳಿದ ಎಲ್ಲ ಚಟುವಟಿಕೆಗಳಿಂದ ಬೇರ್ಪಡಿಸುವುದು. ಗೆಕೊ ಒಂದನ್ನೇ ಸುಸ್ಥಿತಿಯಲ್ಲಿಡಲು ವರ್ಷಕ್ಕೆ ಕನಿಷ್ಠ ಎಷ್ಟು ಬೇಕೆಂಬ ಅಂಕಿ ಪ್ರತ್ಯೇಕವಾಗಿ ಪ್ರಕಟವಾಗಬೇಕು. ಎಷ್ಟು ಬೇಕೆಂದು ತಿಳಿಯದೆ ಯಾರೂ ಕೊಡಲಾರರು. ಹೊಸ ಆದಾಯವೆಂದು ಹೇಳಲಾಗುವ ಚಂದಾ ಮತ್ತು ಜಾಹೀರಾತಿನ ಬಾಬತ್ತು 2022ರಲ್ಲಿ ಸುಮಾರು 7.5 ಕೋಟಿ ಡಾಲರ್ ಇದ್ದದ್ದು 2023ರಲ್ಲಿ ಸುಮಾರು 6.5 ಕೋಟಿಗೆ ಇಳಿದಿರುವಾಗ, ಇಂತಹ ವಿಂಗಡಣೆ ಇನ್ನೂ ತುರ್ತಿನದು. ಅದರಲ್ಲಿಯೂ ಜಾಹೀರಾತಿನತ್ತ ವಾಲುವುದರಲ್ಲಿ ಒಂದು ಅಪಾಯವಿದೆ. ಬಳಕೆದಾರರ ಖಾಸಗಿತನದ ರಕ್ಷಣೆಯೇ ಸಂಸ್ಥೆಯ ಹೆಸರಿಗೆ ಆಧಾರ. 2025ರ ಫೆಬ್ರುವರಿಯಲ್ಲಿ ಬಳಕೆಯ ಷರತ್ತುಗಳ ಭಾಷೆ ಬದಲಾದಾಗ ನಿಷ್ಠಾವಂತ ಬಳಕೆದಾರರೇ ಎದ್ದುನಿಂತು ಪ್ರತಿಭಟಿಸಿದ್ದನ್ನು, ಸಂಸ್ಥೆಯು ಆ ಭಾಷೆಯನ್ನು ಮತ್ತೆ ತಿದ್ದಬೇಕಾದುದನ್ನು ಮರೆಯುವಂತಿಲ್ಲ.

ಎರಡನೆಯದು, ಬಳಕೆದಾರರ ಹಣ ನೇರವಾಗಿ ಬ್ರೌಸರ್‌ಗೆ ತಲುಪುವ ದಾರಿ. ಇದು ಅಸಾಧ್ಯವೆನ್ನಲು ಕಾರಣವಿಲ್ಲ. ಮೊಜಿಲ್ಲಾ ಕುಟುಂಬದ್ದೇ ಆದ ಥಂಡರ್‌ಬರ್ಡ್ ಎಂಬ ಇ-ಅಂಚೆ ತಂತ್ರಾಂಶ ಒಂದು ಕಾಲದಲ್ಲಿ ಬೇಡವಾದ ಕೂಸಾಗಿತ್ತು. 2020ರಲ್ಲಿ ಅದಕ್ಕಾಗಿ ಪ್ರತ್ಯೇಕ ಅಂಗಸಂಸ್ಥೆ ಸ್ಥಾಪನೆಯಾಯಿತು. 2022ರಲ್ಲಿ ಅದು ಬಳಕೆದಾರರ ದೇಣಿಗೆಯಿಂದಲೇ 64 ಲಕ್ಷ ಡಾಲರ್ ಸಂಗ್ರಹಿಸಿತು. ಫೈರ್‌ಫಾಕ್ಸ್‌ನ ವೆಚ್ಚಕ್ಕೆ ಈ ಮೊತ್ತ ಅತ್ಯಲ್ಪ ನಿಜ. ಆದರೆ ಫೈರ್‌ಫಾಕ್ಸ್‌ನ ಬಳಕೆದಾರರ ಸಂಖ್ಯೆ ಥಂಡರ್‌ಬರ್ಡ್‌ನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಬಾಗಿಲನ್ನೇ ತೆರೆಯದೆ ಯಾರೂ ಬರಲಿಲ್ಲವೆಂದು ಹೇಳುವುದು ಸರಿಯಲ್ಲ.

ಮೂರನೆಯದು, ಪ್ರಯೋಜನ ಪಡೆಯುವವರ ಪಾಲು. ಎರಡನೆಯ ಯಂತ್ರಾಂಗವೊಂದು ಜೀವಂತವಾಗಿರುವುದರ ಲಾಭ ಸರ್ಕಾರಗಳಿಗಿದೆ, ಬ್ಯಾಂಕುಗಳಿಗಿದೆ, ತಂತ್ರಾಂಶ ರಫ್ತು ಕಂಪನಿಗಳಿಗಿದೆ. ರಸ್ತೆಯನ್ನು ಬಳಸುವವರೆಲ್ಲ ಸುಂಕ ಕೊಡದೆ, ರಸ್ತೆಯ ಪಕ್ಕದ ಜಾಹೀರಾತು ಫಲಕದವನೇ ಎಲ್ಲ ದುರಸ್ತಿಯನ್ನೂ ಮಾಡಲಿ ಎನ್ನುವಂತಹ ಪರಿಸ್ಥಿತಿ ಈಗಿನದು. ಜರ್ಮನಿಯ ಸರ್ಕಾರವು 2022ರಲ್ಲಿ ಮುಕ್ತ ತಂತ್ರಾಂಶದ ಮೂಲಸೌಕರ್ಯಗಳ ಪೋಷಣೆಗೆಂದೇ ಸಾವರಿನ್ ಟೆಕ್ ಫಂಡ್ ಎಂಬ ನಿಧಿ ಸ್ಥಾಪಿಸಿದ್ದು ಈ ದಿಸೆಯಲ್ಲಿ ಅನುಕರಣೀಯ ಹೆಜ್ಜೆ. ತಂತ್ರಾಂಶವನ್ನೇ ಬಂಡವಾಳವಾಗಿಸಿಕೊಂಡ ಬೆಂಗಳೂರಿನಂತಹ ನಗರದ ಉದ್ಯಮ ವಲಯ ಇದನ್ನು ಗಂಭೀರವಾಗಿ ಪರಿಶೀಲಿಸಬೇಕು.

ಭಾರತದ ಮಟ್ಟಿಗೆ ಕೆಲವು ಅಡಿಪಾಯಗಳು ಆಗಲೇ ಇವೆ. ಇ-ಆಡಳಿತಕ್ಕಾಗಿ ಮುಕ್ತ ಮಾನಕಗಳ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲಿಯೇ ಪ್ರಕಟಿಸಿದೆ. ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ವಿಚಾರದಲ್ಲಿ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು. ಸ್ವಯಂಸೇವಕರ ಶ್ರಮದಿಂದ ಫೈರ್‌ಫಾಕ್ಸ್ ಕನ್ನಡದಲ್ಲಿಯೂ ಲಭ್ಯವಿದೆ. ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಒಳಪಡದ ಭಾಷೆಗಳಿಗೂ ಅಲ್ಲಿ ಸ್ಥಾನ ಸಿಕ್ಕಿರುವುದು ಅದರ ರಚನೆಯ ಕಾರಣದಿಂದ.

ಉದ್ಯಮಿಗಳು ತಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಸಣ್ಣದು, ಆದರೆ ನಿರರ್ಥಕವಲ್ಲ. ತಮ್ಮ ಸಂಸ್ಥೆಯ ಜಾಲತಾಣ ಮತ್ತು ಬಿಲ್ಲಿಂಗ್ ವ್ಯವಸ್ಥೆಗಳನ್ನು ತಯಾರಿಸಿಕೊಡುವವರಿಗೆ, ಅವು ಕ್ರೋಮ್‌ನ ಜೊತೆಗೆ ಫೈರ್‌ಫಾಕ್ಸ್‌ನಲ್ಲಿಯೂ ಕೆಲಸ ಮಾಡಬೇಕೆಂಬ ಷರತ್ತನ್ನು ಕಾರ್ಯಾದೇಶದಲ್ಲಿಯೇ ಸೇರಿಸಬಹುದು. ಜಾಲತಾಣಗಳು ಒಂದೇ ಬ್ರೌಸರ್‌ಗೆ ಹೊಂದಿಕೊಂಡಂತೆಲ್ಲ ಬಳಕೆದಾರರು ಅದರತ್ತಲೇ ಸರಿಯುತ್ತಾರೆ; ಬಳಕೆದಾರರು ಸರಿದಂತೆಲ್ಲ ಮೊಜಿಲ್ಲಾದ ರಾಯಧನ ಕುಗ್ಗುತ್ತದೆ. ಆ ಸುತ್ತನ್ನು ತುಂಡರಿಸುವ ಕೆಲಸ ಒಂದು ಕಾರ್ಯಾದೇಶದ ಒಂದು ಸಾಲಿನಿಂದಲೂ ಆರಂಭವಾಗಬಹುದು. ಮುಂದೊಂದು ದಿನ ಬಳಕೆದಾರರಿಂದ ನೇರ ವಂತಿಗೆ ಸ್ವೀಕರಿಸುವ ಏರ್ಪಾಡನ್ನು ಮೊಜಿಲ್ಲಾ ಮಾಡಿದಾಗ, ಕಾಗದ ಮತ್ತು ದೂರವಾಣಿಯ ಬಾಬತ್ತುಗಳ ಕೆಳಗೆ ಬ್ರೌಸರ್‌ಗೂ ಒಂದು ಸಣ್ಣ ಬಾಬತ್ತನ್ನು ತೆರೆಯಲು ಖರ್ಚಿನ ಪುಸ್ತಕದಲ್ಲಿ ಜಾಗವಿದೆ.